ಗಣಿತದ ಹಲಗೆ: ಧೂಳಿನ ಪಾಟಿಯಿಂದ ಸ್ಪರ್ಶಮೇಜಿನವರೆಗೆ

೧. ಪೀಠಿಕೆ

ಬೆರಳಿನಿಂದ ಮುಟ್ಟಿದೊಡನೆ ಬರೆಹ ಮೂಡುವ, ಒರಸಿದೊಡನೆ ಅಳಿಯುವ, ಇಟ್ಟ ಅಂಕಗಳನ್ನು ತಾನೇ ಕೂಡಿ ಕಳೆದು ತೋರಿಸುವ ದೊಡ್ಡ ಮೇಜುಗಳು ಈಚಿನ ವರ್ಷಗಳಲ್ಲಿ ವಿದ್ಯಾಶಾಲೆಗಳಿಗೂ ವಸ್ತುಸಂಗ್ರಹಾಲಯಗಳಿಗೂ ಬಂದಿರುವುದು ವಾಚಕರಿಗೆ ವಿದಿತವೇ ಆಗಿದೆ. ಜನರು ಇದನ್ನು ಟಚ್ ಟೇಬಲ್ ಎನ್ನುವರು. ಈ ಲೇಖನದಲ್ಲಿ ಸ್ಪರ್ಶಮೇಜು ಎಂದು ಕರೆಯುತ್ತೇನೆ. ಇದು ಗಣಕಯಂತ್ರವಾಗಿ ನಿಜವಾಗಿಯೂ ಉಪಯುಕ್ತವೋ, ಅಥವಾ ನೋಡುವುದಕ್ಕೆ ಮಾತ್ರ ಚೆಂದವಾದ ಆಡಂಬರವೋ ಎಂದು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ತಾಲ್ಲೂಕುಗಳ ಉಪಾಧ್ಯಾಯಮಿತ್ರರು ನನ್ನನ್ನು ಹಲವು ಸಲ ಕೇಳಿರುವರು. ಯಂತ್ರಶಾಸ್ತ್ರವನ್ನರಿಯದ ಪಾಠಶಾಲೆಯ ಪಂಡಿತನನ್ನು ಇದನ್ನು ಕೇಳುವುದಕ್ಕೆ ಒಂದು ಕಾರಣವುಂಟು. ಆ ಪ್ರಾಂತದ ಶಾಸನಗಳನ್ನು ಮರಳಿ ಓದುವ ಕೆಲಸದಲ್ಲಿ ನಾನೂ ಅವರೊಡನೆ ಅಂಥ ಒಂದು ಮೇಜಿನ ಸುತ್ತ ಕುಳಿತು, ಅದರ ಗುಣವನ್ನೂ ದೋಷವನ್ನೂ ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ ಹೊಸದೆಂದು ಅನೇಕರ ಅಭಿಪ್ರಾಯ. ನನಗೆ ಹಾಗೆ ತೋರುವುದಿಲ್ಲ. ಸಮತಲವಾದ ಹಲಗೆಯ ಮೇಲೆ ಬೆರಳಿನಿಂದ ಬರೆದು, ಅಳಿಸಿ, ಅಂಕಗಳನ್ನು ಸರಿಸಿ ಲೆಕ್ಕ ಮಾಡುವುದು ನಮ್ಮ ದೇಶದ ಅತಿ ಪ್ರಾಚೀನವಾದ ಗಣನಪದ್ಧತಿ. ಆ ಹಲಗೆಯ ಚರಿತ್ರೆಯನ್ನು ತಿಳಿದರೆ ಈ ಮೇಜಿನ ಯೋಗ್ಯತೆಯನ್ನು ನಿರ್ಣಯಿಸುವುದು ಸುಲಭವಾಗುವುದು. ನನ್ನ ಅಲ್ಪಮತಿಗೆ ತೋರಿದುದನ್ನು ವಿದ್ವಾಂಸರ ಪರಿಶೀಲನೆಗಾಗಿ ಮುಂದೆ ನಿರೂಪಿಸುತ್ತೇನೆ.

೨. ಪಾಟಿಯೂ ಧೂಳೀಕರ್ಮವೂ

ನಮ್ಮ ಪ್ರಾಚೀನರು ಅಂಕಗಣಿತಕ್ಕೆ ಪಾಟೀಗಣಿತವೆಂದು ಹೆಸರಿಟ್ಟರು. ಪಾಟಿಯೆಂದರೆ ಹಲಗೆ. ಶಾಸ್ತ್ರಕ್ಕೆ ಅದರ ವಿಷಯದಿಂದ ಹೆಸರು ಬರುವುದು ವಾಡಿಕೆ; ಇಲ್ಲಿ ಉಪಕರಣದಿಂದಲೇ ಹೆಸರು ಬಂದಿರುವುದನ್ನು ಗಮನಿಸತಕ್ಕದ್ದು. ಹಲಗೆಯ ಮೇಲೆ ನುಣ್ಣನೆಯ ಧೂಳನ್ನು ಹರಡಿ ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಗಳನ್ನು ಬರೆಯುತ್ತಿದ್ದುದರಿಂದ ಇದಕ್ಕೆ ಧೂಳೀಕರ್ಮವೆಂಬ ಹೆಸರೂ ಉಂಟು. ಕೂಲಿಮಠಗಳಲ್ಲಿ ಮಕ್ಕಳು ಮರಳಿನ ಮೇಲೆ ತಿದ್ದುತ್ತಿದ್ದುದೂ, ಅಕ್ಷರಾಭ್ಯಾಸದ ದಿನ ತಟ್ಟೆಯ ಅಕ್ಕಿಯಲ್ಲಿ ಮಗುವಿನ ಬೆರಳನ್ನು ಹಿಡಿದು ಬರೆಯಿಸುವ ಇಂದಿನ ಆಚಾರವೂ ಇದೇ ಕುಲಕ್ಕೆ ಸೇರಿದವು.

ಕನ್ನಡ ನಾಡಿನಲ್ಲಿ ಈ ಶಾಸ್ತ್ರದ ಮಹಾಗ್ರಂಥವು ಮಹಾವೀರಾಚಾರ್ಯನ ಗಣಿತಸಾರಸಂಗ್ರಹ. ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. ೮೫೦ರ ಸುಮಾರಿನಲ್ಲಿ ರಚಿತವಾದ ಈ ಸಂಸ್ಕೃತ ಗ್ರಂಥವನ್ನು ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು. ೧೨ನೆಯ ಶತಮಾನದಲ್ಲಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದ ಗ್ರಂಥಗಳನ್ನು ಕನ್ನಡದಲ್ಲಿಯೇ ಬರೆದನು. ಇವರು ಬೋಧಿಸಿದ ಕ್ರಿಯೆಗಳು ಹಲಗೆಯನ್ನು ಎಷ್ಟು ಆಶ್ರಯಿಸಿದ್ದುವೆಂಬುದು ಮಹಾವೀರನು ಹೇಳುವ ಗುಣಾಕಾರ ಕ್ರಮಗಳಲ್ಲಿ ಒಂದಾದ ಕಪಾಟಸಂಧಿಯಿಂದ ವ್ಯಕ್ತವಾಗುವುದು.

ಉದಾಹರಣೆಗೆ ೪೫ನ್ನು ೧೨ರಿಂದ ಗುಣಿಸಬೇಕೆಂದಿರಲಿ. ೪೫ನ್ನು ಕೆಳಗೆ ಬರೆದು, ೧೨ನ್ನು ಅದರ ಮೇಲೆ, ೨ ಎಂಬ ಅಂಕವು ೪ರ ನೇರಕ್ಕೆ ಬರುವಂತೆ ಇಡಬೇಕು. ನಾಲ್ಕು ಹನ್ನೆರಡಲ ನಲವತ್ತೆಂಟು. ೪ನ್ನು ಅಳಿಸಿ ಆ ಸ್ಥಾನದಲ್ಲಿ ೮ನ್ನೂ ಅದರ ಎಡಗಡೆ ೪ನ್ನೂ ಬರೆದರೆ ಕೆಳಗಿನ ಸಾಲು ೪೮೫ ಆಗುವುದು. ಬಳಿಕ ೧೨ನ್ನು ಒಂದು ಸ್ಥಾನ ಬಲಕ್ಕೆ ಸರಿಸಿ, ೨ನ್ನು ೫ರ ನೇರಕ್ಕೆ ತರಬೇಕು. ಐದು ಹನ್ನೆರಡಲ ಅರವತ್ತು. ೫ನ್ನು ಅಳಿಸಿ ಸೊನ್ನೆಯನ್ನಿಟ್ಟು, ೬ನ್ನು ೮ಕ್ಕೆ ಕೂಡಿದರೆ ೧೪. ೮ನ್ನು ಅಳಿಸಿ ೪ನ್ನು ಬರೆದು, ಉಳಿದ ಒಂದನ್ನು ಎಡಗಡೆಯ ೪ಕ್ಕೆ ಕೂಡಿದರೆ ಅದು ೫ ಆಗುವುದು. ಫಲ ೫೪೦. ಕದದ ಒಂದು ರೆಕ್ಕೆ ಇನ್ನೊಂದರ ಪಕ್ಕದಲ್ಲಿ ಜಾರುವಂತೆ ಒಂದು ರಾಶಿ ಇನ್ನೊಂದರ ಮೇಲೆ ಜಾರುವುದರಿಂದ ಇದಕ್ಕೆ ಕಪಾಟಸಂಧಿಯೆಂಬ ಹೆಸರು ಅನ್ವರ್ಥವಾಗಿದೆ.

ಇಲ್ಲಿ ಎರಡು ಅಂಶಗಳನ್ನು ಗ್ರಹಿಸಬೇಕು. ಮೊದಲನೆಯದು, ಸರಿಸುವುದೂ ಅಳಿಸುವುದೂ ಈ ಗಣಿತದಲ್ಲಿ ತಪ್ಪನ್ನು ತಿದ್ದುವುದಕ್ಕಾಗಿ ಬಂದುವಲ್ಲ. ಅವೇ ಗಣಿತದ ಕ್ರಿಯೆಗಳು. ಸರಿಸಲೂ ಅಳಿಸಲೂ ಬಾರದ ತಾಳೆಯೋಲೆಯ ಮೇಲೆ ಇದನ್ನು ಮಾಡುವುದು ದುಸ್ಸಾಧ್ಯ. ಎರಡನೆಯದು, ಲೆಕ್ಕ ಮುಗಿದಾಗ ಹಲಗೆಯ ಮೇಲೆ ೫೪೦ ಎಂಬ ಫಲವಿರುವುದೇ ಹೊರತು, ೪೫ ಎಂಬ ಮೂಲ ರಾಶಿಯಿರುವುದಿಲ್ಲ. ಗಣಿಸುವವನು ಸಂಖ್ಯೆಯನ್ನು ನುಂಗಿ ಫಲವನ್ನು ಕೊಟ್ಟನು; ದಾರಿ ಮಾತ್ರ ಅಳಿಸಿಹೋಯಿತು.

ಈ ದೋಷವನ್ನು ಹಿಂದಿನವರೂ ಕಂಡಿದ್ದರು. ನಮ್ಮ ಅಂಕಗಣಿತವು ಅರಬರ ದೇಶಕ್ಕೆ ಧೂಳಿನ ಹಲಗೆಯೊಡನೆಯೇ ಹೋಯಿತು. ಡಮಾಸ್ಕಸ್ ನಗರದಲ್ಲಿ ಕ್ರಿ. ಶ. ೯೫೨ರ ಸುಮಾರಿನಲ್ಲಿ ಅಲ್ ಉಕ್ಲಿದಿಸಿ ಎಂಬ ಪಂಡಿತನು ಹಿಂದೂ ಗಣಿತವನ್ನು ಕುರಿತು ಗ್ರಂಥ ಬರೆದು, ಧೂಳನ್ನು ಬಿಟ್ಟು ಕಾಗದ ಮಸಿಗಳಿಂದ ಅದೇ ಕ್ರಿಯೆಗಳನ್ನು ಅಳಿಸದೆ ಮಾಡುವ ಕ್ರಮವನ್ನು ತೋರಿಸಿದನು. ಬೀದಿಯಲ್ಲಿ ಜ್ಯೋತಿಷ ಹೇಳಿ ಹೊಟ್ಟೆ ಹೊರೆಯುವವರ ಕೈಯಲ್ಲಿ ಆ ಹಲಗೆಯಿದ್ದುದರಿಂದ ಗೌರವಸ್ಥರು ಅದನ್ನು ಹಿಡಿಯಲು ನಾಚುತ್ತಿದ್ದರೆಂಬ ಕಾರಣವನ್ನೂ ಅವನು ಕೊಟ್ಟಿರುವನು.

ನಾನು ಪಾಠಶಾಲೆಯಲ್ಲಿ ಪಂಚಾಂಗಗಣಿತವನ್ನು ಕಲಿಯುತ್ತಿದ್ದಾಗ ಒಮ್ಮೆ ತಿಥ್ಯಂತವನ್ನು ಸ್ಲೇಟಿನ ಮೇಲೆ ಸಾಧಿಸಿ ಗುರುಗಳಿಗೆ ಒಪ್ಪಿಸಿದೆನು. ಕೆಲವು ಘಳಿಗೆಗಳ ವ್ಯತ್ಯಾಸವಿತ್ತು. ತಪ್ಪಿದುದೆಲ್ಲಿ ಎಂದು ಕೇಳಿದರು. ನಾನು ಸ್ಲೇಟನ್ನು ಆಗಲೇ ಒರಸಿಬಿಟ್ಟಿದ್ದೆನು. “ಫಲವನ್ನು ನಾನೂ ಬಲ್ಲೆ, ದಾರಿಯನ್ನು ತೋರಿಸಪ್ಪಾ” ಎಂದರು. ತೋರಿಸಲಾರದೆ ಆ ರಾತ್ರಿ ಲೆಕ್ಕವನ್ನೆಲ್ಲ ಮೊದಲಿನಿಂದ ಮಾಡಬೇಕಾಯಿತು.

೩. ಕಡತ

ಹಲಗೆಯ ಸೌಕರ್ಯವನ್ನೂ ಓಲೆಯ ಸ್ಥಿರತೆಯನ್ನೂ ಕೂಡಿಸಲು ಕನ್ನಡಿಗರು ಕಂಡುಕೊಂಡ ಉಪಾಯವೇ ಕಡತ. ಇದರ ಹಳೆಯ ರೂಪ ಕಡಿತ. ಲೆಕ್ಕಪತ್ರಗಳ ಅಧಿಕಾರಿಗೆ ಕಡಿತವೆರ್ಗಡೆಯೆಂಬ ಹೆಸರು ಶಾಸನಗಳಲ್ಲಿ ಕಂಡುಬರುವುದು. ಉದ್ದವಾದ ಹತ್ತಿಯ ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಿನ ಪುಡಿಯನ್ನೂ ಎರಡು ಕಡೆಯೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಎರಡು ತುದಿಗಳಿಗೂ ಮರದ ಹಲಗೆಗಳನ್ನು ಕಟ್ಟುತ್ತಿದ್ದರು. ಬರೆಯುವ ಸಾಧನ ಬಳಪ. ಬೇಡವಾದುದನ್ನು ಒರಸಬಹುದು, ಬೇಕಾದುದನ್ನು ಶತಮಾನಗಳ ಕಾಲ ಉಳಿಸಬಹುದು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಧಾರವಾಗಿರುವುದೇ ಇದಕ್ಕೆ ಸಾಕ್ಷಿ.

ಮೈಸೂರಿನ ಚರಿತ್ರೆಯನ್ನು ಬರೆದ ಮಾರ್ಕ್ ವಿಲ್ಕ್ಸ್ ಎಂಬ ಆಂಗ್ಲ ಅಧಿಕಾರಿಯು ಕಡತದ ಅಳತೆಯನ್ನು ಕೊಟ್ಟಿರುವನು: ಅಗಲ ೮ ಅಂಗುಲದಿಂದ ೧ ಅಡಿಯವರೆಗೆ, ಉದ್ದ ೧೨ರಿಂದ ೧೮ ಅಡಿ. ಎಂದರೆ ಒಂದು ಪಾರ್ಶ್ವದ ವಿಸ್ತೀರ್ಣ ಕನಿಷ್ಠ ೮ ಚದರಡಿ, ಗರಿಷ್ಠ ೧೮ ಚದರಡಿ. ಮಡಚಿದರೆ ಕಂಕುಳಲ್ಲಿ ಹಿಡಿಯುವ ಪುಸ್ತಕ. ಬಿಚ್ಚಿ ಹಾಸಿದರೆ ಹಲವರು ಸುತ್ತ ಕುಳಿತು ಹಿಂದುಮುಂದಿನ ಲೆಕ್ಕಗಳನ್ನು ಒಟ್ಟಿಗೆ ನೋಡಬಹುದಾದ ಪಟ್ಟೆ. ವಿಸ್ತಾರವೂ ಸ್ಥಿರತೆಯೂ ಒಂದೇ ವಸ್ತುವಿನಲ್ಲಿ ಸೇರಿದುದು ಇದರ ವಿಶೇಷ.

ಕಚೇರಿಯ ಕಾಗದಗಳ ಕಟ್ಟಿಗೆ ನಾವು ಇಂದು ಕಡತವೆನ್ನುತ್ತೇವೆ. ಗಣಕಯಂತ್ರದೊಳಗೆ ಸಂಗ್ರಹವಾದ ಬರೆಹಕ್ಕೂ ಕನ್ನಡಿಗರು ಅದೇ ಹೆಸರನ್ನಿಟ್ಟಿರುವರು. ಈ ಹೆಸರನ್ನಿಟ್ಟವರು ಇದ್ದಿಲಿನ ಬಟ್ಟೆಯನ್ನು ನೆನೆದಿದ್ದರೋ ಇಲ್ಲವೋ, ಅರ್ಥವು ಮಾತ್ರ ಯುಕ್ತವಾಗಿದೆ. ಒರಸಬಹುದಾದರೂ ಒರಸದೆ ಕಾಯ್ದಿಟ್ಟದ್ದು ಕಡತ.

೪. ಸ್ಪರ್ಶಮೇಜಿನ ಸಂಕ್ಷಿಪ್ತ ಚರಿತ್ರೆ

ಪ್ರಕೃತ ವಿಷಯಕ್ಕೆ ಬರೋಣ. ಬೆರಳಿನ ಸ್ಪರ್ಶವನ್ನು ಅರಿಯುವ ತೆರೆಯನ್ನು ಇಂಗ್ಲೆಂಡಿನ ಮಾಲ್ವರ್ನ್‌ನಲ್ಲಿದ್ದ ರೇಡಾರ್ ಸಂಶೋಧನಾಲಯದ ಇ. ಎ. ಜಾನ್ಸನ್ ಎಂಬವರು ೧೯೬೫ರಲ್ಲಿ ವರ್ಣಿಸಿದರು. ವಿಮಾನಗಳ ಸಂಚಾರವನ್ನು ನಿಯಂತ್ರಿಸುವವರಿಗೆ ನೆರವಾಗುವುದು ಅದರ ಉದ್ದೇಶ. ೧೯೭೨ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದ ಪ್ಲೇಟೋ ಎಂಬ ಬೋಧನಯಂತ್ರದಲ್ಲಿ ವಿದ್ಯಾರ್ಥಿಗಳು ತೆರೆಯನ್ನು ಮುಟ್ಟಿ ಉತ್ತರ ಕೊಡತೊಡಗಿದರು. ಹಲವು ಬೆರಳುಗಳನ್ನು ಒಟ್ಟಿಗೆ ಗುರುತಿಸುವ ಸಾಧನವನ್ನು ೧೯೮೨ರಲ್ಲಿ ಟೊರಾಂಟೋ ವಿಶ್ವವಿದ್ಯಾನಿಲಯದಲ್ಲಿ ನಿಮಿಷ್ ಮೆಹತಾ ಎಂಬವರು ರಚಿಸಿದರು.

ಮೇಜನ್ನೇ ಗಣಕವನ್ನಾಗಿ ಮಾಡುವ ಪ್ರಯತ್ನಗಳಲ್ಲಿ ಮೂರು ನಮಗೆ ಮುಖ್ಯವಾದವು. ೧೯೯೧ರಲ್ಲಿ ಪಿಯರ್ ವೆಲ್ನರ್ ಎಂಬವರು ಕೇಂಬ್ರಿಜ್‌ನಲ್ಲಿದ್ದ ಜೆರಾಕ್ಸ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಸಾಮಾನ್ಯ ಮೇಜಿನ ಮೇಲ್ಗಡೆ ಕ್ಯಾಮೆರಾವನ್ನೂ ಬೆಳಕಿನ ಯಂತ್ರವನ್ನೂ ತೂಗುಹಾಕಿದರು. ಕಾಗದದಲ್ಲಿ ಅಚ್ಚಾಗಿದ್ದ ಸಂಖ್ಯೆಯನ್ನು ಬೆರಳಿನಿಂದ ತೋರಿಸಿದರೆ ಅದು ಲೆಕ್ಕಕ್ಕೆ ಸೇರುತ್ತಿತ್ತು. ೨೦೦೧ರಲ್ಲಿ ಅಮೆರಿಕದ ಮಿತ್ಸುಬಿಷಿ ಪ್ರಯೋಗಶಾಲೆಯವರು ಡೈಮಂಡ್ ಟಚ್ ಎಂಬ ಮೇಜನ್ನು ಪ್ರಕಟಿಸಿದರು. ಸೂಕ್ಷ್ಮವಾದ ವಿದ್ಯುತ್ಸಂಕೇತವು ಮುಟ್ಟಿದವನ ಶರೀರದ ಮೂಲಕ ಅವನು ಕುಳಿತ ಕುರ್ಚಿಗೆ ಹಾದುಹೋಗುವಂತೆ ಅದನ್ನು ರಚಿಸಿದ್ದುದರಿಂದ, ಎಲ್ಲಿ ಮುಟ್ಟಿದರೆಂಬುದಲ್ಲದೆ ಯಾರು ಮುಟ್ಟಿದರೆಂಬುದೂ ಆ ಮೇಜಿಗೆ ತಿಳಿಯುತ್ತಿತ್ತು. ೨೦೦೭ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಸರ್ಫೇಸ್ ಎಂಬ ಮೇಜನ್ನು ಲೋಕಕ್ಕೆ ತೋರಿಸಿತು. ಅದರ ಬೆಲೆ ೧೦,೦೦೦ ಡಾಲರಿನ ಸುಮಾರಿಗಿತ್ತು. ೨೦೧೨ರಲ್ಲಿ ಆ ಹೆಸರನ್ನು ಕೈಯಲ್ಲಿ ಹಿಡಿಯುವ ಫಲಕಕ್ಕೆ ಕೊಟ್ಟು, ಮೇಜಿಗೆ ಪಿಕ್ಸೆಲ್‌ಸೆನ್ಸ್ ಎಂಬ ಬೇರೆ ಹೆಸರನ್ನಿಟ್ಟರು. ಮಾರುಕಟ್ಟೆಯಲ್ಲಿ ಗೆದ್ದುದು ಕೈಫಲಕವೇ, ಮೇಜಲ್ಲ.

ಆ ಮೊದಲ ಮೇಜಿನ ತೆರೆ ಮೂಲೆಯಿಂದ ಮೂಲೆಗೆ ೩೦ ಅಂಗುಲ. ಎಂದರೆ ಉದ್ದ ೨೪, ಅಗಲ ೧೮ ಅಂಗುಲ. ವಿಸ್ತೀರ್ಣ ೩ ಚದರಡಿ. ದೊಡ್ಡದೆಂದು ಹೆಸರಾದ ಈ ಮೇಜು ವಿಲ್ಕ್ಸನು ಕಂಡ ಅತಿ ದೊಡ್ಡ ಕಡತದ ಒಂದು ಪಾರ್ಶ್ವದ ಆರನೆಯ ಒಂದು ಭಾಗ ಮಾತ್ರವಾಗಿತ್ತು!

೫. ಪೂರ್ವಪಕ್ಷ

ಸ್ಪರ್ಶಮೇಜು ನಿರುಪಯೋಗಿಯೆನ್ನುವವರ ಆಕ್ಷೇಪಗಳು ಬಲವಾಗಿವೆ. ದೀರ್ಘವಾದ ಗದ್ಯವನ್ನು ಬರೆಯಲು ಕೀಲಿಮಣೆಯೇ ಮೇಲು. ಗಾಜಿನ ಮೇಲೆ ಬೆರಳು ಅಕ್ಷರವನ್ನು ಕಾಣದೆ ತಡಕಾಡುವುದು. ಸಮತಲವಾದ ಮೇಜಿನ ಮೇಲೆ ಬಹಳ ಹೊತ್ತು ಬಾಗಿದರೆ ಕುತ್ತಿಗೆ ನೋಯುವುದು; ನೆಟ್ಟಗೆ ನಿಲ್ಲಿಸಿದರೆ ಎತ್ತಿದ ತೋಳು ಸೋಲುವುದು. ಶಾನುಭೋಗರ ಬರೆವಣಿಗೆಯ ಪೆಟ್ಟಿಗೆಗೆ ಓರೆಯಾದ ಮುಚ್ಚಳವಿದ್ದುದೂ, ಚಿಕ್ಕಬಳ್ಳಾಪುರ ತಾಲ್ಲೂಕಿನ ಮುದ್ದೇನಹಳ್ಳಿಯಲ್ಲಿ ಜನಿಸಿದ ಸರ್ ಎಂ. ವಿಶ್ವೇಶ್ವರಯ್ಯನವರಂಥ ಇಂಜಿನಿಯರುಗಳ ನಕ್ಷೆಯ ಹಲಗೆಯನ್ನು ಬೇಕಾದಂತೆ ಓರೆಮಾಡುತ್ತಿದ್ದುದೂ ಸುಮ್ಮನೆ ಅಲ್ಲ. ಎದುರುಬದುರಾಗಿ ಕುಳಿತವರಲ್ಲಿ ಒಬ್ಬನಿಗೆ ನೇರವಾದ ಅಕ್ಷರ ಇನ್ನೊಬ್ಬನಿಗೆ ತಲೆಕೆಳಗು. ಇವೆಲ್ಲವೂ ನಿಜ.

ಇನ್ನೊಂದು ಆಕ್ಷೇಪವು ಶಿಡ್ಲಘಟ್ಟದ್ದು. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯನ್ನು ನೋಡಿದವರು ಬಲ್ಲರು: ಕೊಳ್ಳುವ ರೀಲರು ರಾಶಿಯಿಂದ ರಾಶಿಗೆ ನಡೆದು, ಗೂಡನ್ನು ಕೈಯಲ್ಲಿ ಹಿಡಿದು, ಅದುಮಿ, ಅದರ ಗುಣವನ್ನು ಪರೀಕ್ಷಿಸಿ, ಬೆಲೆಯನ್ನು ನಿಶ್ಚಯಿಸುವರು. ಅವರ ಗಣಕಯಂತ್ರವು ಅವರೊಡನೆ ನಡೆಯಬೇಕು. ಕಾಲಿದ್ದರೂ ನಡೆಯದ ಮೇಜು ಅಲ್ಲಿ ವ್ಯರ್ಥ. ಜಾತ್ರೆಗಳ ದನದ ವ್ಯಾಪಾರದಲ್ಲಿ ಟವಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಹೇಳುವ ವಾಡಿಕೆಯಿದೆ. ಅದೂ ಬೆರಳಿನ ಗಣಿತವೇ. ಆದರೆ ಮುಚ್ಚಿದ ಗಣಿತ. ಎಲ್ಲರಿಗೂ ಕಾಣುವಂತೆ ತೆರೆದಿರುವ ಮೇಜು ಅಂಥ ವ್ಯವಹಾರಕ್ಕೆ ಒಗ್ಗದು.

೬. ಸಿದ್ಧಾಂತ

ಹಾಗಾದರೆ ಇದರ ಉಪಯೋಗವೆಲ್ಲಿ? ಒಬ್ಬನು ಬರೆಯುವಲ್ಲಿ ಅಲ್ಲ, ಹಲವರು ಕೂಡಿ ವಿಚಾರಿಸುವಲ್ಲಿ. ಪಠ್ಯವು ಸಾಲುಸಾಲಾಗಿ ಬೆಳೆಯುವಲ್ಲಿ ಅಲ್ಲ, ಪದಾರ್ಥಗಳನ್ನು ಪಕ್ಕಪಕ್ಕದಲ್ಲಿ ಹರಡಿ, ಸರಿಸಿ, ಹೊಂದಿಸಿ ನೋಡಬೇಕಾದಲ್ಲಿ. ಕಪಾಟಸಂಧಿಯ ತತ್ತ್ವವು ಎಲ್ಲಿ ಇದೆಯೋ ಅಲ್ಲಿ ಹಲಗೆಗೆ ಕೆಲಸವಿದೆ.

ಇದಕ್ಕೆ ನಿದರ್ಶನವು ಗೌರಿಬಿದನೂರಿನಲ್ಲಿದೆ. ಅಲ್ಲಿ ೧೯೬೫ರಲ್ಲಿ ಬ್ರಿಟನ್ನಿನ ಸಹಕಾರದಿಂದ ನಮ್ಮ ಅಣುಶಕ್ತಿ ಇಲಾಖೆಯವರು ಭೂಕಂಪನಗಳನ್ನೂ ದೂರದೇಶಗಳ ಭೂಗರ್ಭದ ಅಣುಸ್ಫೋಟಗಳನ್ನೂ ಗುರುತಿಸುವ ವ್ಯೂಹವೊಂದನ್ನು ಸ್ಥಾಪಿಸಿದರು. ಎರಡು ಉದ್ದನೆಯ ತೋಳುಗಳಲ್ಲಿ ೨೦ ಕಂಪನಮಾಪಕಗಳನ್ನು ಹೂಳಿದ್ದರು. ಕಂಪನದ ಅಲೆಯು ಒಂದೊಂದು ಮಾಪಕವನ್ನು ಒಂದೊಂದು ಕ್ಷಣದಲ್ಲಿ ಮುಟ್ಟುವುದು. ಆಯಾ ವಿಳಂಬಕ್ಕೆ ತಕ್ಕಂತೆ ಒಂದೊಂದು ರೇಖೆಯನ್ನೂ ಸರಿಸಿ, ಒಂದರ ಮೇಲೊಂದಾಗಿ ಕೂಡಿದರೆ ನಿಜವಾದ ಅಲೆಯು ಬಲಗೊಂಡು, ಅಡ್ಡದಿಡ್ಡಿಯಾದ ಸದ್ದು ತಗ್ಗುವುದು. ಸರಿಸುವುದು, ಹೊಂದಿಸುವುದು, ಕೂಡುವುದು: ಮಹಾವೀರನು ಧೂಳಿನಲ್ಲಿ ಮಾಡಿಸಿದುದೂ ಇದನ್ನೇ. ಈ ಕೆಲಸವನ್ನು ಯಂತ್ರವು ತಾನೇ ಮಾಡಬಲ್ಲುದು, ನಿಜ. ಆದರೆ ಇದನ್ನು ಶಿಷ್ಯರಿಗೆ ಕಲಿಸುವಾಗ ರೇಖೆಗಳನ್ನು ಅವರ ಬೆರಳುಗಳಿಂದಲೇ ಸರಿಸಿ ತೋರಿಸುವ ವಿಶಾಲವಾದ ಹಲಗೆಗೆ ಸಮನಾದ ಸಾಧನವಿಲ್ಲ.

ನಮ್ಮ ಕ್ಷೇತ್ರದಲ್ಲಿಯಾದರೋ ಉಪಯೋಗವು ಇನ್ನೂ ಸ್ಪಷ್ಟವಾಗಿದೆ. ಈ ನಾಲ್ಕು ತಾಲ್ಲೂಕುಗಳು ೨೦೦೭ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದುವು. ಅವುಗಳ ಶಾಸನಗಳು ಬಿ. ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ೧೦ನೆಯ ಸಂಪುಟದಲ್ಲಿವೆ. ಅಲ್ಲಿ ಕನ್ನಡ, ಸಂಸ್ಕೃತ, ತಮಿಳು, ತೆಲುಗು ನಾಲ್ಕೂ ಉಂಟು. ನಾಲ್ಕನ್ನೂ ಬಲ್ಲ ಒಬ್ಬ ಪಂಡಿತನು ದೊರೆಯುವುದು ದುರ್ಲಭ. ಒಂದೊಂದನ್ನು ಬಲ್ಲ ನಾಲ್ವರು ಒಂದು ಮೇಜಿನ ಸುತ್ತ ಕೂರುವುದು ಸಾಧ್ಯ. ಶಿಲೆಯ ಚಿತ್ರ, ರೈಸರ ಪಾಠ, ಊರಿನ ನಕ್ಷೆ ಇವನ್ನು ಪಕ್ಕಪಕ್ಕದಲ್ಲಿ ಹಾಸಿ, ಸವೆದ ಅಕ್ಷರವನ್ನು ದೊಡ್ಡದು ಮಾಡಿ, ಒಬ್ಬನು ತೋರಿಸಿದುದನ್ನು ಉಳಿದವರು ಅದೇ ಕ್ಷಣದಲ್ಲಿ ಕಂಡು ಒಪ್ಪುವುದಕ್ಕೂ ಅಲ್ಲಗಳೆಯುವುದಕ್ಕೂ ಇಂಥ ಮೇಜಿನಲ್ಲಿ ಅವಕಾಶವಿದೆ. ಚಿಂತಾಮಣಿ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾವು ಹೀಗೆ ಓದಿದೆವು. ಒಬ್ಬೊಬ್ಬರೇ ವಾರಗಟ್ಟಲೆ ತಡವರಿಸಿದ ಸಾಲುಗಳು ಒಂದು ಬೆಳಗ್ಗೆಯಲ್ಲಿ ತಿಳಿಯಾದುವು.

ಆದರೆ ಅದೇ ದಿನ ಒಂದು ಪ್ರಮಾದವೂ ನಡೆಯಿತು. ಒಂದು ದಾನಶಾಸನದಲ್ಲಿ ಬಿಟ್ಟ ಗದ್ದೆ ಹತ್ತು ಕೊಳಗವೋ ಹನ್ನೆರಡು ಕೊಳಗವೋ ಎಂಬ ಚರ್ಚೆ ಬಂತು. ಕಲ್ಲಿನ ಆ ಭಾಗವು ಈಗ ಚಕ್ಕೆಯೆದ್ದು ಹೋಗಿದೆ. ಬಾಲ್ಯದಲ್ಲಿ ಅದನ್ನು ಅಖಂಡವಾಗಿ ನೋಡಿದ್ದ ವೃದ್ಧ ಉಪಾಧ್ಯಾಯರೊಬ್ಬರು ತಾವು ಕಂಡ ಅಕ್ಷರದ ಆಕಾರವನ್ನು ನಡುಗುವ ಬೆರಳಿನಿಂದ ಮೇಜಿನ ಮೇಲೆ ಬರೆದು ತೋರಿಸಿದರು. ಎಲ್ಲರೂ ನೋಡಿದೆವು. ಊಟ ಮುಗಿಸಿ ಬರುವಷ್ಟರಲ್ಲಿ ಯಾರೋ ಮೇಜನ್ನು ಒರಸಿ ಬೇರೊಂದು ಶಾಸನವನ್ನು ತೆರೆದಿದ್ದರು. ಯಾರು ಒರಸಿದರೆಂಬುದಕ್ಕಾಗಲಿ, ಏನಿತ್ತೆಂಬುದಕ್ಕಾಗಲಿ ಆ ಯಂತ್ರದಲ್ಲಿ ಗುರುತಿರಲಿಲ್ಲ. ಮತ್ತೆ ಬರೆಯಿಸೋಣವೆಂದುಕೊಂಡೆವು, ಆ ಹಿರಿಯರು ಮುಂದಿನ ಸಭೆಗೆ ಇರಲಿಲ್ಲ. ಅವರ ಅಕ್ಷರವನ್ನು ನಮ್ಮಲ್ಲಿ ಇಬ್ಬರು ಒಂದು ವಿಧವಾಗಿಯೂ ಇಬ್ಬರು ಇನ್ನೊಂದು ವಿಧವಾಗಿಯೂ ನೆನೆಯುತ್ತೇವೆ. ದೋಷವು ಯಂತ್ರದ್ದಲ್ಲ, ಹಲಗೆಯನ್ನು ಕಡತವೆಂದು ಭ್ರಮಿಸಿದ ನಮ್ಮದು.

೭. ಉಪಸಂಹಾರ

ಮೇಲ್ಕಂಡ ವಿಚಾರದಿಂದ ಫಲಿಸುವ ನಿಯಮಗಳು ಮೂರು. ಹಲವರು ಕೂಡಿ, ಹರಡಿ, ಸರಿಸಿ ನೋಡುವ ಕಾರ್ಯವಿದ್ದರೆ ಮಾತ್ರ ಸ್ಪರ್ಶಮೇಜನ್ನು ಕೊಳ್ಳತಕ್ಕದ್ದು. ಒಬ್ಬನ ಬರೆವಣಿಗೆಗೂ ನಡೆದಾಡುವ ವ್ಯವಹಾರಕ್ಕೂ ಬೇರೆ ಸಾಧನಗಳಿವೆ. ಎರಡನೆಯದಾಗಿ, ಯಾರ ಬೆರಳು ಏನನ್ನು ಬರೆಯಿತು, ಏನನ್ನು ಅಳಿಸಿತು ಎಂಬುದು ಉಳಿಯುವಂತಿರಬೇಕು. ೨೦೦೧ರ ಮೇಜಿಗೆ ಬೆರಳಿನ ಒಡೆಯನನ್ನು ಗುರುತಿಸುವ ಶಕ್ತಿಯಿದ್ದುದನ್ನು ನೆನೆದರೆ ಇದು ಅಸಾಧ್ಯವಾದ ಬೇಡಿಕೆಯಲ್ಲ. ಮೂರನೆಯದಾಗಿ, ಸಭೆ ಮುಗಿದೊಡನೆ ಪಾಠಾಂತರಗಳನ್ನೆಲ್ಲ ಓದಿದವರ ಹೆಸರಿನೊಡನೆ ಕಾಗದಕ್ಕೆ ಇಳಿಸಬೇಕು.

ಮಹಾವೀರಾಚಾರ್ಯನ ಕಾಲಕ್ಕೆ ಅರ್ಧ ಶತಮಾನ ಹಿಂದೆ, ಕ್ರಿ. ಶ. ೮೦೬ರ ಶಾಸನದಲ್ಲಿಯೇ, ಚಿಕ್ಕಬಳ್ಳಾಪುರದ ಬಳಿಯ ನಂದಿಯ ದೇವಾಲಯವು ಉಲ್ಲೇಖಗೊಂಡಿದೆ. ಶಾಸನವು ಉಳಿದುದರಿಂದ ದಾನವನ್ನು ಬಲ್ಲೆವು. ಆ ಕಾಲದ ಗಣಿತಜ್ಞರು ಧೂಳಿನಲ್ಲಿ ಮಾಡಿದ ಲೆಕ್ಕಗಳಲ್ಲಿ ಒಂದೂ ಉಳಿದಿಲ್ಲ. ಉಳಿದುದು ಓಲೆಗೆ ಏರಿದ ಸೂತ್ರಗಳಷ್ಟೇ. ನಮ್ಮ ಉಪಾಧ್ಯಾಯರು ಬೆಳಕಿನ ಹಲಗೆಯ ಸುತ್ತ ಕುಳಿತು ಓದಲಿ, ಚರ್ಚಿಸಲಿ, ಅಳಿಸಿ ತಿದ್ದಲಿ. ಆದರೆ ಏಳುವ ಮುನ್ನ ದಾರಿಯನ್ನು ಬರೆದಿಡಲಿ. ಹತ್ತೋ ಹನ್ನೆರಡೋ ಎಂಬ ಆ ಶಾಸನದ ಹಳೆಯ ಅಚ್ಚುಪ್ರತಿಯಾಗಲಿ ನಕಲಾಗಲಿ ಯಾರಲ್ಲಿಯಾದರೂ ಇದ್ದರೆ ಈ ಪತ್ರಿಕೆಯ ಮೂಲಕ ತಿಳಿಸಬೇಕೆಂದು ವಿದ್ವಾಂಸರನ್ನು ಪ್ರಾರ್ಥಿಸುತ್ತೇನೆ.